ಸಹಿಯಿಲ್ಲದ ಸೇರ್ಪಡೆ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಸೊಸೈಟಿಯ ಪದ್ಧತಿ ನಮ್ಮ ಕಡೆಯ ಮಂದಿಗೆ ಹೊಸದಲ್ಲ. ಒಬ್ಬರನ್ನು ಒಳಗೆ ತೆಗೆದುಕೊಳ್ಳಬೇಕಾದರೆ ಠರಾವು ಆಗಬೇಕು, ಸೂಚಕರು, ಅನುಮೋದಕರು ಸಹಿ ಮಾಡಬೇಕು. ಗುಮಾಸ್ತ ತಾನೇ ಹೆಸರು ಬರೆದುಕೊಂಡರೆ ನಡೆಯದು.

ಈಗ ಮುಂಡರಗಿಯ ಉಳ್ಳಾಗಡ್ಡಿ ದರ, ಬೆಟಗೇರಿಯ ಸೀರೆಯ ಆರ್ಡರ್ ಎಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಓಡಾಡುತ್ತವೆ. ಕಳಿಸಿದವರ ಫೋನಿನಲ್ಲಿ ಬೀಗ ಬಿದ್ದ ಸಂದೇಶ ಸದಸ್ಯರ ಫೋನಿನಲ್ಲಿ ಮಾತ್ರ ತೆರೆಯುತ್ತದೆ. ನಡುವಿನ ಸರ್ವರ್ ಅದನ್ನು ಓದಲಾರದು. ಆ ಬೀಗ ಗಟ್ಟಿ.

ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರಾದ ಪೌಲ್ ರೋಸ್ಲರ್, ಕ್ರಿಸ್ಟಿಯಾನ್ ಮೈಂಕಾ, ಯೋರ್ಗ್ ಶ್ವೆಂಕ್ ಬೀಗದ ತಂಟೆಗೆ ಹೋಗಲಿಲ್ಲ. ಸದಸ್ಯರು ಯಾರು ಯಾರು ಎಂದು ಬರೆಯುವವರು ಯಾರು ಎಂಬುದನ್ನು ಕೆದಕಿದರು.

ಉತ್ತರ ನೋಡಿ. ಅಡ್ಮಿನ್ ಒಂದು ನಂಬರ್ ಸೇರಿಸಿದಾಗ ಆ ಕೋರಿಕೆ ಸರ್ವರಿಗೆ ಹೋಗುತ್ತದೆ, ಅದರ ಮೇಲೆ ಅಡ್ಮಿನ್ ಕೀಲಿಯ ಸಹಿ ಇರುವುದಿಲ್ಲ. ಸರ್ವರ್ ‘ಇಂಥವರು ಸೇರಿದರು’ ಎಂದು ಎಲ್ಲರಿಗೂ ತಿಳಿಸುತ್ತದೆ. ಅದನ್ನು ನಂಬಿ ಒಂದೊಂದು ಫೋನೂ ತನ್ನ ಕೀಲಿಯನ್ನು ಹೊಸ ನಂಬರಿಗೆ ತಾನಾಗಿಯೇ ಕೊಟ್ಟುಬಿಡುತ್ತದೆ. ಅಂದರೆ ಸರ್ವರ್ ಯಾರ ಕೈಯಲ್ಲಿದೆಯೋ ಅವರು ಅಡ್ಮಿನ್‌ಗೆ ಗೊತ್ತಿಲ್ಲದ ಹೆಸರನ್ನು ತೂರಿಸಬಹುದು. ಹಳೆಯ ಸಂದೇಶ ತೆರೆಯದು, ಮುಂದಿನವೆಲ್ಲ ತೆರೆಯುತ್ತವೆ.

2018ರ ಜನವರಿಯಲ್ಲಿ ಜೂರಿಕ್‌ನ ಸಮ್ಮೇಳನದಲ್ಲಿ ಇದನ್ನು ಬಯಲಿಗಿಟ್ಟರು. ಹೊಸಬರು ಬಂದರೆ ಪರದೆಯ ಮೇಲೆ ಸೂಚನೆ ಕಾಣುತ್ತದಲ್ಲ ಎಂಬುದು ಕಂಪನಿಯ ಉತ್ತರ. ಕಾಣುತ್ತದೆ, ನಿಜ. ಆದರೆ ಇನ್ನೂರು ಮಂದಿಯ ಗುಂಪಿನಲ್ಲಿ, ಶುಭೋದಯದ ಹೂಗಳ ನಡುವೆ, ಆ ಬೂದುಬಣ್ಣದ ಸಾಲನ್ನು ಓದುವವರು ಎಷ್ಟು ಜನ? ತಿಳಿಸುವುದೇ ಬೇರೆ, ಒಪ್ಪಿಗೆ ಪಡೆಯುವುದೇ ಬೇರೆ. ನಾನಂತೂ ಈ ಉತ್ತರವನ್ನು ಒಪ್ಪಲಾರೆ.

ಸಹಿ ಇರುವ ದಾರಿಯೂ ಅದೇ ಕಾಲದಲ್ಲಿ ಸಿದ್ಧವಾಗುತ್ತಿತ್ತು. ಗುಂಪು ಸಂದೇಶಗಳಿಗಾಗಿಯೇ ರೂಪಿಸಿದ ಎಂಎಲ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸದಸ್ಯರನ್ನು ಮರದ ಎಲೆಗಳಂತೆ ಜೋಡಿಸುತ್ತಾರೆ. ಸಾವಿರ ಮಂದಿಯಿದ್ದರೂ ಎಲೆಯಿಂದ ಬುಡಕ್ಕೆ ಹತ್ತೇ ಮೆಟ್ಟಿಲು. ಪಟ್ಟಿಯ ಬದಲಾವಣೆಗೆ ಸದಸ್ಯರ ಸಹಿ ಬೇಕು. ಇದು ನಿಜಕ್ಕೂ ಭದ್ರವೇ ಎಂದು ನಾಲ್ಕಾರು ಸಲ ಪರೀಕ್ಷಿಸಿ ಹೇಳಲಾಗದು, ಗಣಿತದಂತೆ ಸಾಧಿಸಬೇಕು. ಕಾರ್ತಿಕೇಯನ್ ಭಾರ್ಗವನ್ ಅವರೂ ಇದ್ದ ತಂಡ ಪಟ್ಟಿಯ ಭಾಗವನ್ನು ಎಫ್-ಸ್ಟಾರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು, ಸಾಧನೆಯ ಹೆಜ್ಜೆ ಹೆಜ್ಜೆಯನ್ನೂ ಕಂಪ್ಯೂಟರಿನಿಂದ ತಪಾಸಣೆ ಮಾಡಿಸಿತು. ಆ ಭಾಷೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಅಸೀಮ್ ರಸ್ತೋಗಿ ಒಬ್ಬರು. ಸಾಧಿಸಲು ಹೊರಟಾಗಲೇ ಕರಡಿನ ದೋಷಗಳು ಸಿಕ್ಕವು, ತಿದ್ದುಪಡಿಗಳು ಒಳಗೆ ಸೇರಿದವು, 2023ರ ಜುಲೈನಲ್ಲಿ ಮಾನದಂಡ ಹೊರಬಂತು.

ಇತ್ತ 2025ರಲ್ಲಿ ಸಂಶೋಧಕರಾದ ಮಾರ್ಟಿನ್ ಅಲ್ಬ್ರೆಕ್ಟ್, ಬೆಂಜಮಿನ್ ಡೌಲಿಂಗ್, ಡೇನಿಯಲ್ ಜೋನ್ಸ್ ವಾಟ್ಸ್‌ಆ್ಯಪ್ ಗುಂಪನ್ನು ಮತ್ತೆ ಬಿಚ್ಚಿ ನೋಡಿದರು. ಬೀಗ ಬಹುಮಟ್ಟಿಗೆ ಸರಿಯಿತ್ತು. ಸದಸ್ಯರ ಪಟ್ಟಿಗೆ ಮಾತ್ರ ಆಗಲೂ ಸಹಿ ಇರಲಿಲ್ಲ.

ಅದನ್ನು ಓದಿದ ರಾತ್ರಿ ನಮ್ಮ ಗುಂಪಿನ ಪಟ್ಟಿ ತೆರೆದು ಒಂದೊಂದೇ ಹೆಸರು ನೋಡುತ್ತ ಹೋದೆ. ಕೆಳಗಡೆ ಹೆಸರಿಲ್ಲದ ನಂಬರ್‌ಗಳಿದ್ದವು. ಬೆಳಿಗ್ಗೆ ಅಡ್ಮಿನ್‌ಗೆ ಫೋನ್ ಮಾಡಿ, ‘ಅಣ್ಣಾರ, ಇವರನ್ನ ನೀವ ಸೇರಿಸೀರೇನು?’ ಎಂದು ಕೇಳಿದೆ.