ಕಿತ್ತಳೆ ಗುಂಪಿನಲ್ಲಿ ನೀಲಿ ಅಂಗಿ

ಒರಾಕಲ್ ಪಾರ್ಕ್‌ನಲ್ಲಿ ಬೇಸ್‌ಬಾಲ್ ಆಟವಿದ್ದ ದಿನ ಮನುಷ್ಯರು ಮೊದಲು ಬರುತ್ತಾರೆ, ಗಲ್ ಹಕ್ಕಿಗಳು ಕೊನೆಗೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನಲ್ಲೇ 2000ರಲ್ಲಿ ತೆರೆದ ಮೈದಾನ ಇದು. ಬಲಬದಿಯ ಗೋಡೆಯನ್ನೂ ಅದರಾಚೆಯ ಕಾಲುದಾರಿಯನ್ನೂ ದಾಟಿದ ಚೆಂಡು ನೀರಿಗೇ ಬೀಳುತ್ತದೆ. ಆಟದ ಕೊನೆಯ ಇನ್ನಿಂಗ್ಸುಗಳ ಹೊತ್ತಿಗೆ ಆ ಗೋಡೆಯ ಮೇಲೆ, ದೀಪದ ಕಂಬಗಳ ಮೇಲೆ ವೆಸ್ಟರ್ನ್ ಗಲ್‌ಗಳು ಬಂದು ಕೂರುತ್ತವೆ. ಬೂದುಗಪ್ಪು ಬೆನ್ನು, ಗುಲಾಬಿ ಕಾಲು, ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು ಚುಕ್ಕೆ. ಈ ಜಾತಿಯ ಅತಿ ದೊಡ್ಡ ಸಂತಾನತಾಣ ಇಲ್ಲಿಂದ ಪಶ್ಚಿಮಕ್ಕೆ ಸಾಗರದಲ್ಲಿರುವ ಫ್ಯಾರಲನ್ ದ್ವೀಪಗಳಲ್ಲಿದೆ. ಜನ ಎದ್ದು ಹೋದ ಮೇಲೆ ಸೀಟುಗಳ ಕೆಳಗೆ ಉಳಿಯುವ ಬೆಳ್ಳುಳ್ಳಿ ಫ್ರೈಸು, ಬ್ರೆಡ್ಡಿನ ಚೂರುಗಳೆಲ್ಲ ಅವುಗಳ ಪಾಲು. ಅವನ್ನು ನೋಡಲೆಂದು ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೋದವನಿಗೆ ಅಷ್ಟು ಹೊತ್ತು ಬೇರೆ ಕೆಲಸವಿರಲಿಲ್ಲ. ಮೇಲಂತಸ್ತಿನಿಂದ ಕೆಳಗಿನ ಹಿಂಡನ್ನೇ ನೋಡತೊಡಗಿದೆ.

ಮೊದಲು ಬಣ್ಣ ಗುರುತು ಮಾಡಿಕೊಳ್ಳಬೇಕು. ತವರು ತಂಡ ಜೈಂಟ್ಸ್‌ನದು ಕಿತ್ತಳೆ ಮತ್ತು ಕಪ್ಪು. ಹಳೆಯ ವೈರಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್‌ನದು ನೀಲಿ. ಎರಡೂ ನ್ಯೂಯಾರ್ಕ್‌ನಲ್ಲಿ ಜಗಳವಾಡುತ್ತಲೇ ಬೆಳೆದ ತಂಡಗಳು. 1958ರಲ್ಲಿ ಎರಡೂ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮ ಕರಾವಳಿಗೆ ಬಂದವು, ಜಗಳವನ್ನೂ ಹೊತ್ತು ತಂದವು. ಎರಡು ಊರುಗಳ ನಡುವೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಒಂದೇ ವಿಭಾಗದ ತಂಡಗಳಾದ್ದರಿಂದ 2023ರ ಹೊಸ ವೇಳಾಪಟ್ಟಿಯ ಪ್ರಕಾರ ಋತುವಿಗೆ 13 ಸಲ ಎದುರುಬದುರಾಗುತ್ತವೆ. ಅದಕ್ಕೂ ಮುಂಚೆ 19 ಸಲ.

ಹೊರಗಿನವರಿಗೆ ಇಲ್ಲಿ ಬೇರೆ ಜಾಗವಿಲ್ಲ. ಯುರೋಪಿನ ಫುಟ್‌ಬಾಲ್‌ನಲ್ಲಿ ಎದುರಾಳಿ ಬೆಂಬಲಿಗರನ್ನು ಪ್ರತ್ಯೇಕ ಗ್ಯಾಲರಿಯಲ್ಲಿ ಕೂರಿಸಿ ನಡುವೆ ಕಾವಲು ನಿಲ್ಲಿಸುತ್ತಾರೆ. ಜಪಾನಿನ ಬೇಸ್‌ಬಾಲ್‌ನಲ್ಲೂ ಬಂದ ತಂಡದವರಿಗೆ ಗೊತ್ತುಪಡಿಸಿದ ಸ್ಟ್ಯಾಂಡ್ ಇರುತ್ತದೆ. ತಮ್ಮವರು ಬ್ಯಾಟ್ ಹಿಡಿದಾಗ ತುತ್ತೂರಿ, ಡೋಲು, ಹಾಡು. ಸರದಿ ಬದಲಾದರೆ ಸದ್ದೂ ಮೈದಾನದ ಆಚೆ ಮಗ್ಗುಲಿಗೆ ದಾಟುತ್ತದೆ. ಅಮೆರಿಕದಲ್ಲಿ ಈ ಬೇಲಿ ಯಾವುದೂ ಇಲ್ಲ. ಟಿಕೆಟ್ ಎಲ್ಲಿ ಸಿಕ್ಕಿತೋ ಅಲ್ಲೇ ಕೂರಬೇಕು. ಹಾಗಾಗಿ ಕಿತ್ತಳೆ ಸಾಲಿನ ನಡುವೆ ಒಂದು ನೀಲಿ, ಅದರಾಚೆ ಎರಡು ನೀಲಿ, ಹೀಗೆ ಇಡೀ ಸ್ಟ್ಯಾಂಡು ಚುಕ್ಕೆಚುಕ್ಕೆಯಾಗಿರುತ್ತದೆ. ನೋಡುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ದೂರದಿಂದ ಬಂದವರ ಪಾಡು ಬೇರೆ. ಮಿಲ್ವಾಕಿಯ ಬ್ರೂವರ್ಸ್ ಆಡಲು ಬಂದಿದ್ದ ಒಂದು ಮಧ್ಯಾಹ್ನ ನನ್ನ ಮುಂದಿನ ಸಾಲಿಗೆ ಆ ತಂಡದ ಟೋಪಿ ಹಾಕಿದ್ದ ಮುದಿ ದಂಪತಿ ಬಂದರು. ಸುತ್ತಲಿನವರು ಹುಯಿಲೆಬ್ಬಿಸಲಿಲ್ಲ. ಯಾವೂರು, ಎಷ್ಟು ದಿನ ಇರುತ್ತೀರಿ, ಫ್ರೈಸ್ ತಿಂದಿರಾ, ನೆರಳು ಬೇಕಿದ್ದರೆ ಹಿಂದೆ ಖಾಲಿ ಇದೆ ಎಂದು ಉಪಚಾರವೇ ನಡೆಯಿತು. ಡಾಡ್ಜರ್ಸ್ ದಿನ ನೀಲಿ ಅಂಗಿಯವನೊಬ್ಬ ಮೆಟ್ಟಿಲಿಳಿಯುತ್ತಿದ್ದರೆ ಸಾಕು, ಸಾಲುಸಾಲೇ ‘ಬೂ’ ಎನ್ನುತ್ತದೆ. ಅವನ ಕೈಯಲ್ಲಿರುವುದು ಎರಡು ಹಾಟ್‌ಡಾಗ್ ಮಾತ್ರ, ಮುಖದಲ್ಲಿ ಮದುಮಗನ ನಗೆ.

ಹಕ್ಕಿಗಳನ್ನು ಓದಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಗಡಿ ಕಾಯುವ ಎಷ್ಟೋ ಹಕ್ಕಿಗಳು ಪಕ್ಕದ ಗಡಿಯವನನ್ನು ಸಹಿಸಿಕೊಳ್ಳುತ್ತವೆ, ಅಪರಿಚಿತನ ಮೇಲೆ ಎರಗುತ್ತವೆ. ನೆರೆಯವನ ದನಿ ಗೊತ್ತು, ಅವನು ಎಲ್ಲಿಯವರೆಗೆ ಬರುತ್ತಾನೆಂಬುದೂ ಗೊತ್ತು. ದಿನವೂ ಕಚ್ಚಾಡಿದರೆ ಇಬ್ಬರ ಮರಿಗೂ ಹುಳು ಸಿಗುವುದಿಲ್ಲ. ಇಂಥ ನೆರೆಯವನನ್ನು ಬ್ರಿಟಿಷ್ ಪಕ್ಷಿತಜ್ಞ ಜೇಮ್ಸ್ ಫಿಶರ್ 1954ರಲ್ಲಿ ಪ್ರಿಯ ವೈರಿ ಎಂದು ಕರೆದ. ಬೇಸ್‌ಬಾಲ್ ಸ್ಟ್ಯಾಂಡಿನಲ್ಲಿ ಅಪರಿಚಿತನಿಗೆ ಫ್ರೈಸು, ನೆರೆಯವನಿಗೆ ಬೈಗುಳ. ಆದರೆ ಬೈಗುಳದ ಸದ್ದಿಗೆ ಬೆಚ್ಚಿ ಅಲ್ಲಿಗೇ ಟಿಪ್ಪಣಿ ಮುಗಿಸಬಾರದು. ಕೂಗಿದವನು ಆಮೇಲೆ ಏನು ಮಾಡುತ್ತಾನೆ ಎಂಬುದನ್ನೂ ಕಾದು ನೋಡಬೇಕು.

ಇಲ್ಲಿಯ ಮುಖ್ಯ ಕೂಗು ‘ಬೀಟ್ ಎಲ್‌ಎ’. ಮೊದಲ ಇನ್ನಿಂಗ್ಸಿನಲ್ಲೇ ಏಳುತ್ತದೆ, ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಬ್ಬುತ್ತದೆ. ಅದು ಹುಟ್ಟಿದ್ದು ಇಲ್ಲಲ್ಲ, ಬೇಸ್‌ಬಾಲ್‌ನಲ್ಲೂ ಅಲ್ಲ. 1982ರ ಮೇ ತಿಂಗಳಲ್ಲಿ ಬಾಸ್ಟನ್‌ನ ಬಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್ ತನ್ನ ತವರು ಅಂಗಳದಲ್ಲೇ ಫಿಲಡೆಲ್ಫಿಯಾಗೆ ಸೋಲುತ್ತಿತ್ತು. ಗೆದ್ದವರು ಫೈನಲ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ ಆಡಬೇಕಿತ್ತು. ಸೋಲು ಖಚಿತವಾದಾಗ ಬಾಸ್ಟನ್ ಜನ ಎದ್ದು, ತಮ್ಮನ್ನು ಸೋಲಿಸುತ್ತಿದ್ದ ಆಟಗಾರರಿಗೇ ಈ ಕೂಗನ್ನು ಕೂಗಿದರು: ಹೋಗಿ, ಅವರನ್ನಾದರೂ ಸೋಲಿಸಿ ಬನ್ನಿ. ಬಂದವರಿಗೆ ಕೊಟ್ಟ ಹರಕೆಯೊಂದು ಕರಾವಳಿ ಬದಲಿಸಿ, ಬಂದವರನ್ನು ಹಂಗಿಸುವ ಕೂಗಾಯಿತು. ಇಂದು ಕೂಗುವವರಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆಯೋ.

ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಹೆರಿಂಗ್ ಗಲ್‌ಗಳ ಗೂಡುತಾಣದಲ್ಲಿ ಕೂತು ವರ್ಷಗಟ್ಟಲೆ ನೋಡಿ 1953ರಲ್ಲಿ ಪುಸ್ತಕ ಬರೆದ. ಇಪ್ಪತ್ತು ವರ್ಷದ ಮೇಲೆ ನೊಬೆಲ್ ಹಂಚಿಕೊಂಡ. ಅವನು ಕಂಡ ಒಂದು ವರ್ತನೆ ನನಗೆ ಈ ಸ್ಟ್ಯಾಂಡಿನಲ್ಲಿ ಪದೇ ಪದೇ ನೆನಪಾಯಿತು. ಎರಡು ಗಂಡು ಗಲ್‌ಗಳು ಗಡಿಯಲ್ಲಿ ಎದುರಾಗುತ್ತವೆ. ಮೇಲೆ ಬೀಳುವ ಸಿಟ್ಟೂ ಇದೆ, ಓಡುವ ಭಯವೂ ಇದೆ. ಆಗ ಒಂದು ಹಕ್ಕಿ ಬಗ್ಗಿ ನೆಲದ ಹುಲ್ಲನ್ನು ಕಚ್ಚಿ ಜಗ್ಗುತ್ತದೆ, ವೈರಿಯ ರೆಕ್ಕೆಯನ್ನೇ ಹಿಡಿದಂತೆ. ವೈರಿಯೂ ಜಗ್ಗುತ್ತದೆ. ಹುಲ್ಲು ಹರಿಯುತ್ತದೆ, ಗರಿ ಉದುರುವುದಿಲ್ಲ.

ಸ್ಟ್ಯಾಂಡಿನಲ್ಲಿ ಹುಲ್ಲು ಜಗ್ಗುವ ಬಗೆ ಹಲವು. ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು 1908ರ ಹಳೆಯ ಬೇಸ್‌ಬಾಲ್ ಹಾಡು ಹಾಡುತ್ತಾರೆ. ತವರು ತಂಡದ ಹೆಸರು ಬರುವ ಜಾಗದಲ್ಲಿ ನೀಲಿಯವರು ಗಂಟಲು ಹರಿಯುವಂತೆ ತಮ್ಮ ತಂಡದ ಹೆಸರು ತುರುಕುತ್ತಾರೆ. ಕಿತ್ತಳೆಯವರು ಅದನ್ನು ಮುಳುಗಿಸಲು ಇನ್ನೂ ಜೋರು ಮಾಡುತ್ತಾರೆ. ಮರುಸಾಲಿಗೆ ಎರಡೂ ಕಡೆಯವರು ಒಂದೇ ರಾಗದಲ್ಲಿ. ಷಿಕಾಗೊದ ರಿಗ್ಲಿ ಫೀಲ್ಡ್‌ನದು ಇನ್ನೊಂದು ಕ್ರಮ: ಎದುರಾಳಿ ಹೊಡೆದ ಹೋಮ್ ರನ್ ಚೆಂಡು ಕೈಗೆ ಸಿಕ್ಕರೆ ಅದನ್ನು ಮೈದಾನಕ್ಕೆ ವಾಪಸ್ ಎಸೆಯಬೇಕು. ಹಿಡಿದವನು ಎದುರಾಳಿ ಬೆಂಬಲಿಗನೇ ಆಗಿದ್ದರೂ ಇಡೀ ಬಯಲು ಸ್ಟ್ಯಾಂಡು ‘ಎಸೆ, ಎಸೆ’ ಎಂದು ಕಾಡುತ್ತದೆ. ಕೆಲವು ಚತುರರು ಮನೆಯಿಂದಲೇ ಒಂದು ಹಳೆಯ ಚೆಂಡು ತಂದು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಅದನ್ನು ಎಸೆದು ಚಪ್ಪಾಳೆ ಗಿಟ್ಟಿಸುತ್ತಾರೆ, ಅಸಲಿ ಚೆಂಡು ಮನೆಗೆ.

ಇಷ್ಟೆಲ್ಲ ಗದ್ದಲ ದೂರದಿಂದ ದೂರಕ್ಕೆ. ಒಂದೇ ಸಾಲಿಗೆ ಬೈನಾಕ್ಯುಲರ್ ನೆಟ್ಟು ಇನ್ನಿಂಗ್ಸುಗಟ್ಟಲೆ ಕೂತರೆ ಬೇರೆಯದೇ ಕಾಣುತ್ತದೆ. ನೀಲಿ ಅಂಗಿಯ ಹೆಂಗಸೊಬ್ಬಳು ತಟ್ಟೆ ಹಿಡಿದು ಸಾಲಿನ ಮಧ್ಯದ ತನ್ನ ಸೀಟಿಗೆ ಹೋಗಬೇಕು. ಒಬ್ಬೊಬ್ಬರಾಗಿ ಏಳುತ್ತಾರೆ, ಮಂಡಿ ಬದಿಗೆ ಸರಿಸುತ್ತಾರೆ. ಈಗಷ್ಟೇ ಹುಯಿಲೆಬ್ಬಿಸಿದ್ದವನು ಅವಳ ಬಿಯರ್ ಲೋಟ ಚೆಲ್ಲದಂತೆ ಹಿಡಿದುಕೊಂಡು ದಾಟಿಸುತ್ತಾನೆ. ಮೂರನೇ ಬೇಸ್ ಪಕ್ಕದ ಸಾಲಿಗೆ ಫೌಲ್ ಚೆಂಡೊಂದು ಹಾರಿ ಬಂತು. ಹಿಡಿದವನು ನೀಲಿ. ಸುತ್ತ ‘ಬೂ’ ಎದ್ದಿತು. ಅವನು ಪಕ್ಕದ ಸೀಟಿನ ಕಿತ್ತಳೆ ಟೋಪಿಯ ಹುಡುಗಿಗೆ ಚೆಂಡು ಕೊಟ್ಟುಬಿಟ್ಟ. ‘ಬೂ’ ಎಂದ ಬಾಯಿಗಳೇ ಜಯಕಾರ ಹಾಕಿದವು. ಮುಂದಿನ ಡಾಡ್ಜರ್ಸ್ ಬ್ಯಾಟರ್ ಬಂದ ತಕ್ಷಣ ನೀಲಿಯವನಿಗೆ ಮತ್ತೆ ಹುಯಿಲು. ಚೆಂಡು ಕೊಟ್ಟದ್ದಕ್ಕೆ ರಿಯಾಯಿತಿ ಏನೂ ಇರಲಿಲ್ಲ.

ಹಾಸನ ಕಡೆಯವರೊಬ್ಬರು, ಸನಿವೇಲ್‌ನಲ್ಲಿ ನೆಲೆಸಿದವರು, ಒಮ್ಮೆ ನನ್ನನ್ನು ಜೊತೆಗೆ ಕರೆದೊಯ್ದಿದ್ದರು. ಅವರದು ಕಿತ್ತಳೆ ಜೆರ್ಸಿ. ಮಗ ಓದಿದ್ದು ಲಾಸ್ ಏಂಜಲೀಸ್‌ನಲ್ಲಿ, ನೀಲಿ ಹಾಕಿ ಬಂದಿದ್ದ.

“ಇವನ ಪಕ್ಕ ಕೂತ್ರೆ ನಿಮಗೂ ಬೈಗುಳ ಬೀಳುತ್ತೆ ಸರ್. ಆಮೇಲೆ ನನ್ನ ಅನ್ಬೇಡಿ,” ಎಂದರು.

“ಅಪ್ಪ, ಎಲ್ಲರಿಗಿಂತ ಜಾಸ್ತಿ ಬೈತಿರೋದು ನೀವೇ,” ಎಂದ ಮಗ.

ನಾಲ್ಕನೇ ಇನ್ನಿಂಗ್ಸಿನಲ್ಲಿ ಅವನನ್ನು ಕೇಳಿದೆ, ಹಿಂದಿನ ಸಾಲಿನವರು ಏನೋ ಮಾತಾಡಿಸಿದರಲ್ಲ, ಈಗ ಬಿಟ್ಟರಾ ಎಂದು.

“ಎಲ್ಲಿ ಬಿಟ್ರು ಅಂಕಲ್. ಹೆಸರು ಕೇಳ್ಕೊಂಡ್ರು. ಈಗ ಹೆಸರು ಹಿಡಿದು ಬೈತಿದಾರೆ.”

ಫಿಶರನ ಮಾತು ಹಾಗಾದರೆ ಇಲ್ಲಿ ತಲೆಕೆಳಗಾಗಿಲ್ಲ. ನಾನು ನೆರೆಯವನನ್ನು ಭೂಪಟದಲ್ಲಿ ಹುಡುಕುತ್ತಿದ್ದೆ. ಸ್ಟ್ಯಾಂಡಿನಲ್ಲಿ ನೆರೆ ಎಂದರೆ ಎರಡೂವರೆ ಗಂಟೆ ಮೊಣಕೈಗೆ ಮೊಣಕೈ ತಾಗಿಸಿ ಕೂತವನು. ಅವನ ಹೆಸರು, ಅವನ ದನಿ, ಅವನು ಎಲ್ಲಿಯವರೆಗೆ ಬರುತ್ತಾನೆ ಎಂಬುದು ಮೂರ್ನಾಲ್ಕು ಇನ್ನಿಂಗ್ಸಿನಲ್ಲಿ ಗೊತ್ತಾಗಿಬಿಡುತ್ತದೆ.

ಈ ಲೆಕ್ಕ ಮೀರುವವರು ಸ್ಟ್ಯಾಂಡಿನ ಒಳಗೂ ಇದ್ದಾರೆ. 2017ರ ಮೇ 1ರಂದು ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಬಾಲ್ಟಿಮೋರ್‌ನ ಆಟಗಾರ ಆಡಂ ಜೋನ್ಸ್‌ಗೆ ಸ್ಟ್ಯಾಂಡಿನಿಂದ ಜನಾಂಗೀಯ ಬೈಗುಳ ಬಿತ್ತು, ಕಡಲೆಕಾಯಿ ಪೊಟ್ಟಣವೂ ಬಂತು. ಮರುದಿನ ಅವನು ಬ್ಯಾಟ್ ಹಿಡಿದು ಬಂದಾಗ ಬಾಸ್ಟನ್ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಮುಗಿಯಲೆಂದು ಬಾಸ್ಟನ್‌ನ ಪಿಚರ್ ಕ್ರಿಸ್ ಸೇಲ್ ದಿಬ್ಬದಿಂದ ಕೆಳಗಿಳಿದು ಕಾದ.

ಆದರೆ ರಕ್ತ ಬಿದ್ದದ್ದು ಹೆಚ್ಚಾಗಿ ಗೇಟಿನಾಚೆ. 2003ರಲ್ಲಿ ಡಾಡ್ಜರ್ಸ್ ಮೈದಾನದ ವಾಹನ ನಿಲ್ದಾಣದಲ್ಲಿ ಜೈಂಟ್ಸ್ ಅಭಿಮಾನಿಯೊಬ್ಬನನ್ನು ಗುಂಡಿಟ್ಟು ಕೊಂದರು. 2011ರ ಮಾರ್ಚ್ 31, ಋತುವಿನ ಮೊದಲ ದಿನ, ಅದೇ ನಿಲ್ದಾಣದಲ್ಲಿ ಇಬ್ಬರು ಸೇರಿ ಇನ್ನೊಬ್ಬ ಜೈಂಟ್ಸ್ ಅಭಿಮಾನಿಯ ತಲೆ ಒಡೆದರು. ಆತ ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ, ಮಿದುಳಿಗಾದ ಪೆಟ್ಟು ಶಾಶ್ವತವಾಗಿ ಉಳಿಯಿತು. ಹೊಡೆದವರು 2014ರಲ್ಲಿ ತಪ್ಪೊಪ್ಪಿಕೊಂಡರು; ಕಾವಲಿನ ಕೊರತೆಗೆ ತಂಡದ ಆಡಳಿತವೂ ಪಾಲುದಾರ ಎಂದು ಅದೇ ವರ್ಷ ಜ್ಯೂರಿ ಹೇಳಿತು. 2013ರಲ್ಲಿ ಇರಿತಕ್ಕೆ ಸಿಕ್ಕಿ ಸತ್ತವನು ಡಾಡ್ಜರ್ಸ್ ಅಭಿಮಾನಿ, ಜಾಗ ಈ ಒರಾಕಲ್ ಪಾರ್ಕ್‌ನಿಂದ ಕೆಲವೇ ಬೀದಿ ಆಚೆ. ಅಲ್ಲಿ ಸಾಲಿಲ್ಲ, ಸೀಟಿಲ್ಲ, ಹೆಸರು ಕೇಳಲು ಹೊತ್ತಿಲ್ಲ, ನೋಡುವವರಿಲ್ಲ. ಎದುರಿಗಿರುವುದು ಬರೀ ಬಣ್ಣ. ಕುಡಿದದ್ದಂತೂ ಹೊಟ್ಟೆಯಲ್ಲೇ ಇದೆ. ಸಾಮಾನ್ಯವಾಗಿ ಏಳನೇ ಇನ್ನಿಂಗ್ಸಿಗೆ ಬಿಯರ್ ಮಾರಾಟ ನಿಲ್ಲಿಸುವುದು ಇದಕ್ಕೇ. 2023ರಲ್ಲಿ ಪಿಚ್ ಗಡಿಯಾರ ಬಂದು ಆಟ ಬೇಗ ಮುಗಿಯತೊಡಗಿದಾಗ ಕೆಲವು ತಂಡಗಳು ಮಾರಾಟ ನಿಲ್ಲಿಸುವುದನ್ನು ಎಂಟನೆಯದಕ್ಕೆ ಮುಂದೂಡಿದವು. ಆಟ ಕಿರಿದಾಯಿತೆಂದು ಕುಡಿಯುವ ಹೊತ್ತನ್ನು ಹಿಗ್ಗಿಸಿದ್ದು ನನಗೆ ಸರಿಕಾಣಲಿಲ್ಲ.

2011ರ ಆ ಹಲ್ಲೆಯಾದ ಮೇಲೆ ಎರಡು ತಂಡಗಳು ಈ ಮೈದಾನದಲ್ಲಿ ಮೊದಲು ಸೇರಿದ್ದು ಏಪ್ರಿಲ್ 11ರಂದು. ಆಟಕ್ಕೆ ಮುಂಚೆ ಎರಡೂ ಕಡೆಯ ಆಟಗಾರರು ನಡುವೆ ಬಂದು ನಿಂತರು, ಜೈಂಟ್ಸ್‌ನ ಜೆರೆಮಿ ಅಫೆಲ್ಟ್, ಡಾಡ್ಜರ್ಸ್‌ನ ಜೇಮಿ ಕ್ಯಾರಲ್ ಜನರನ್ನುದ್ದೇಶಿಸಿ ಮಾತಾಡಿದರು. ಐದು ವರ್ಷದ ಮೇಲೆ ಇದೇ ಸ್ಟ್ಯಾಂಡು ಒಬ್ಬ ಡಾಡ್ಜರ್ಸ್ ಮನುಷ್ಯನಿಗಾಗಿ ಎದ್ದು ನಿಂತಿತು. 67 ಋತುಗಳ ಕಾಲ ಆ ತಂಡದ ವೀಕ್ಷಕ ವಿವರಣೆಗಾರನಾಗಿದ್ದ ವಿನ್ ಸ್ಕಲಿ ಕೊನೆಯ ಸಲ ಮೈಕ್ ಹಿಡಿದದ್ದು ತವರಿನಲ್ಲಲ್ಲ, ಇಲ್ಲಿ, 2016ರ ಅಕ್ಟೋಬರ್ 2ರಂದು. ಕಿತ್ತಳೆ ಜನ ಅವನಿಗೆ ಥ್ಯಾಂಕ್ಸ್ ಹೇಳುವ ಫಲಕಗಳನ್ನು ಎತ್ತಿ ಹಿಡಿದರು. ಜೈಂಟ್ಸ್‌ನ ಮಹಾ ಆಟಗಾರ ವಿಲ್ಲಿ ಮೇಸ್ ಅವನ ಕೋಣೆಗೇ ಹೋಗಿ ಕಂಡ. ಹುಡುಗನಾಗಿದ್ದಾಗ ಸ್ಕಲಿ ನ್ಯೂಯಾರ್ಕ್ ಜೈಂಟ್ಸ್‌ನ ಅಭಿಮಾನಿಯಾಗಿದ್ದನೆಂಬುದು ಈ ಜನಕ್ಕೆ ಚೆನ್ನಾಗಿ ನೆನಪಿತ್ತು.

ಆಟ ಬಿಟ್ಟ ಮೇಲೆ ಗಲ್‌ಗಳನ್ನು ಅವುಗಳ ಪಾಡಿಗೆ ಬಿಟ್ಟು ನಾನು ಜನರ ಹಿಂದೆ ಹೊರಟೆ. ಕಿಂಗ್ ಸ್ಟ್ರೀಟ್ ಉದ್ದಕ್ಕೂ ಎರಡು ಬಣ್ಣ ಕಲಸಿಹೋಗಿ ಕ್ಯಾಲ್‌ಟ್ರೇನ್ ನಿಲ್ದಾಣದತ್ತ ಹರಿಯುತ್ತಿತ್ತು. ಬೋಗಿಯಲ್ಲಿ ಮತ್ತೆ ಸಾಲು, ಮತ್ತೆ ಸೀಟು. ಹಾಸನದವರ ಮಗನ ಎದುರಿಗೆ ಕಿತ್ತಳೆ ಟೋಪಿಯ ಹಿರಿಯನೊಬ್ಬ ಬಂದು ಕೂತ. ರೈಲು ಹೊರಡುವ ಮುಂಚೆಯೇ 2021ರ ಅಕ್ಟೋಬರ್‌ನ ಮಾತು ಎದ್ದಿತು: ಜೈಂಟ್ಸ್ 107 ಪಂದ್ಯ ಗೆದ್ದು, ಡಾಡ್ಜರ್ಸ್ 106 ಗೆದ್ದು, ಇಬ್ಬರ ನಡುವಿನ ಐದನೇ ಪ್ಲೇಆಫ್ ಪಂದ್ಯದ ಕೊನೆಯ ಎಸೆತದಲ್ಲಿ ಜೈಂಟ್ಸ್‌ನ ವಿಲ್ಮರ್ ಫ್ಲೋರೆಸ್ ಬ್ಯಾಟ್ ಬೀಸಿದನೋ ತಡೆದನೋ. ಬೀಸಿದ ಎಂದು ಅಂಪೈರ್ ಹೇಳಿದ್ದರಿಂದ ಜೈಂಟ್ಸ್ 2-1ರಲ್ಲಿ ಸೋತು ಮನೆಗೆ ಹೋಗಿತ್ತು. ಹಿರಿಯ ಎದ್ದು ನಿಂತು, ಕೊಡೆಯನ್ನೇ ಬ್ಯಾಟ್ ಮಾಡಿಕೊಂಡು, ಮಣಿಕಟ್ಟು ಎಲ್ಲಿ ನಿಂತಿತ್ತೆಂದು ತೋರಿಸಿದ. ಹುಡುಗ ಆ ಕೊಡೆ ಇಸಿದುಕೊಂಡು ಎಲ್ಲಿಯವರೆಗೆ ಹೋಗಿತ್ತೆಂದು ತೋರಿಸಿದ. ಸುತ್ತಲಿನವರು ಎರಡು ಪಕ್ಷವಾದರು. ತಂದೆ ಇಬ್ಬರನ್ನೂ ಬೈದು ಕಿಟಕಿಗೆ ತಲೆ ಒರಗಿಸಿದರು. ಹಿಲ್ಸ್‌ಡೇಲ್‌ನಲ್ಲಿ ಹಿರಿಯ ಇಳಿಯಬೇಕಿತ್ತು, ಇಳಿಯಲಿಲ್ಲ. ಬೆಲ್ಮಾಂಟ್‌ನಲ್ಲಿ ಇಳಿದು ವಾಪಸ್ ರೈಲು ಹಿಡಿಯುತ್ತೇನೆ ಎನ್ನುತ್ತ ಕೊಡೆಯನ್ನು ಮತ್ತೆ ಎತ್ತಿದ.