ಡೆಕ್ಕನ್ ಕಾಲೇಜಿನ ತರಗತಿಯಲ್ಲಿ ನಮ್ಮ ಮನೆಮಾತು

ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಯುವಮಿತ್ರರಿಗೆ ಕಾಲೇಜು ಎಂದರೆ ನೂರಾರು ಹುಡುಗರು ತುಂಬಿದ ವರ್ಗ, ಹಾಜರಿ, ನೋಟ್ಸು, ಪರೀಕ್ಷೆ. ಹಿಂದಿನ ಬೆಂಚಿನವನ ಹೆಸರು ವರ್ಷ ಮುಗಿದರೂ ಪ್ರಾಧ್ಯಾಪಕರಿಗೆ ತಿಳಿದಿರುವುದಿಲ್ಲ. ಇದೇ ಊರಿನ ಯೆರವಡಾದಲ್ಲಿ ಬೇರೆ ಬಗೆಯ ವಿದ್ಯಾಸಂಸ್ಥೆಯೊಂದಿದೆ. ಅದನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ.

ಅದೇ ಡೆಕ್ಕನ್ ಕಾಲೇಜು. 1821ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಆರಂಭವಾದದ್ದು. ಲೋಕಮಾನ್ಯ ಟಿಳಕರು ಓದಿದ್ದು ಇಲ್ಲಿಯೇ. 1934ರಲ್ಲಿ ಮುಚ್ಚಿತು, 1939ರಲ್ಲಿ ಸ್ನಾತಕೋತ್ತರ ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು, 1990ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬಿ.ಎ., ಬಿ.ಕಾಂ.ಗಳ ಗದ್ದಲವಿಲ್ಲ. ಪುರಾತತ್ವ, ಭಾಷಾವಿಜ್ಞಾನ, ಸಂಸ್ಕೃತ ಮತ್ತು ಕೋಶರಚನೆ, ಇವೇ ಮುಖ್ಯ ವಿಷಯಗಳು. 1948ರಲ್ಲಿ ಆರಂಭವಾದ ಇಲ್ಲಿಯ ಸಂಸ್ಕೃತ ಮಹಾಕೋಶದ ಮೊದಲ ಸಂಪುಟ ಹೊರಬಂದದ್ದು 1976ರಲ್ಲಿ. ಹತ್ತಾರು ಸಂಪುಟಗಳಾದ ಮೇಲೂ ‘ಅ’ ಅಕ್ಷರವೇ ನಡೆದಿತ್ತು! ಅವಸರದವರಿಗೆ ಹೇಳಿದ ಜಾಗವಲ್ಲ.

ಇಂಥ ಸಣ್ಣ ಕಡೆ ಕಲಿಯುವ ರೀತಿಯೇ ಬೇರೆ. ಭಾಷಾವಿಜ್ಞಾನದಲ್ಲಿ ಕ್ಷೇತ್ರಕಾರ್ಯದ ಅಭ್ಯಾಸವೆಂದು ಒಂದುಂಟು. ಒಂದು ಭಾಷೆಯನ್ನಾಡುವವರನ್ನು ಎದುರಿಗೆ ಕೂರಿಸಿ ‘ಮನೆಗೆ ಏನನ್ನುತ್ತೀರಿ? ತಲೆಗೆ? ಎಲೆಗೆ?’ ಎಂದು ಕೇಳುತ್ತ, ಬಂದ ಉತ್ತರವನ್ನು ಕಿವಿಗೆ ಬಿದ್ದಂತೆಯೇ ಬರೆದುಕೊಳ್ಳಬೇಕು. ತಿದ್ದುವಂತಿಲ್ಲ. ಧಾರವಾಡ ಕಡೆಯವರು ಮನಿ, ತಲಿ, ಎಲಿ ಎನ್ನುತ್ತಾರೆ. (ನಮ್ಮ ಮನೆಗಳಲ್ಲಿ ಇದನ್ನು ಕೇಳಿ ಬೆಂಗಳೂರಿನ ನೆಂಟರು ನಗುವುದುಂಟು.) ಹತ್ತಿಪ್ಪತ್ತು ಶಬ್ದ ಬರೆದಾದ ಮೇಲೆ ಸಂಗತಿ ತಾನಾಗಿ ಕಾಣುತ್ತದೆ: ಕೊನೆಯ ‘ಎ’ಕಾರ ಅಲ್ಲಿ ಕ್ರಮವಾಗಿ ‘ಇ’ಕಾರವಾಗುತ್ತದೆ. ಇದು ಅಶುದ್ಧ ಉಚ್ಚಾರವಲ್ಲ, ನಿಯಮ.

‘ನಮ್ಮದು ಸರಿಯಾದ ಕನ್ನಡವಲ್ಲ’ ಎಂದು ಸಂಘದ ಕಾರ್ಯಕ್ರಮಗಳಲ್ಲಿ ಬಾಯಿ ಬಿಡಲು ಹಿಂಜರಿಯುವ ಹುಡುಗ ಹುಡುಗಿಯರು ಇದನ್ನು ತಿಳಿಯಬೇಕು. ಆ ಸಂಕೋಚದಿಂದಲೇ ಎಷ್ಟೋ ಮಕ್ಕಳು ಮರಾಠಿ, ಇಂಗ್ಲಿಷಿಗೆ ಹೊರಳಿ ಮನೆಮಾತನ್ನು ಬಿಟ್ಟಿದ್ದಾರೆ. ನಾವು ಹಿರಿಯರು ಮಾತುಮಾತಿಗೆ ತಿದ್ದಿದ್ದೂ ಅದಕ್ಕೆ ಕಾರಣವೆಂದೇ ನನ್ನ ಅಭಿಪ್ರಾಯ.

ಡೆಕ್ಕನ್ ಕಾಲೇಜು ಮಾತ್ರ ಆಡುಮಾತನ್ನು ಎಂದೋ ಗೌರವದಿಂದ ಕಂಡಿತು. ಅಮೆರಿಕದ ವಿಲಿಯಂ ಬ್ರೈಟ್ ಅವರು ಆಡುಗನ್ನಡದ ಬಗ್ಗೆ ಬರೆದ ಗ್ರಂಥವನ್ನು 1958ರಲ್ಲಿ ಪ್ರಕಟಿಸಿದ್ದು ಇದೇ ಸಂಸ್ಥೆ. ದಕ್ಷಿಣ ಕನ್ನಡದ ಡಿ.ಎನ್. ಶಂಕರ ಭಟ್ಟರು ತುಳು, ಕೊರಗ ಭಾಷೆ, ಹವ್ಯಕ ಕನ್ನಡ ಇವುಗಳ ಮೇಲೆ ಬರೆದ ಪುಸ್ತಕಗಳೂ 1967ರಿಂದ 1971ರೊಳಗೆ ಇಲ್ಲಿಂದಲೇ ಹೊರಬಂದವು. ಹವ್ಯಕರ ಮಾತಿನಲ್ಲಿ ‘ನಾವು’ ಎಂದರೆ ಕೇಳುವವರೂ ಸೇರಿದರು. ‘ಎಂಗೊ’ ಎಂದರೆ ಅವರನ್ನು ಬಿಟ್ಟು ನಾವು. ಬರೆಯುವ ಕನ್ನಡದಲ್ಲಿ ಈ ಭೇದವೇ ಇಲ್ಲ! ಮುಂದೆ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದವರು ಈ ಭಟ್ಟರೇ.

ಪುರಾತತ್ವದವರ ವರ್ಗವಂತೂ ನಾಲ್ಕು ಗೋಡೆಯೊಳಗೆ ಮುಗಿಯುವುದಿಲ್ಲ, ಹೊಲಗದ್ದೆ ಗುಡ್ಡಗಳಿಗೆ ಹೋಗಲೇಬೇಕು. ಅಲ್ಲಿಯೂ ಕರ್ನಾಟಕದ ನಂಟು ದೊಡ್ಡದು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಉತ್ಖನನದ ಗ್ರಂಥ 1965ರಲ್ಲಿ ಇಲ್ಲಿಂದ ಬಂತು. ಪ್ರಾಧ್ಯಾಪಕ ಕೆ. ಪದ್ದಯ್ಯನವರು ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಭಾಗದಲ್ಲಿ ದಶಕಗಟ್ಟಲೆ ಅಲೆದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವ ಸುಣ್ಣಕಲ್ಲಿನ ಬಂಡೆ ಒಡೆದು ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಾಗಿದೆ.

‘ಇದನ್ನು ಓದಿ ಹೊಟ್ಟೆಗೇನು?’ ಎಂದು ತಂದೆತಾಯಿ ಕೇಳುವುದು ಸಹಜವೇ. ಕಂಪ್ಯೂಟರ್ ಕಲಿತವರಷ್ಟು ನೌಕರಿಗಳು ಇಲ್ಲಿಲ್ಲ, ಸುಳ್ಳು ಆಸೆ ಹುಟ್ಟಿಸಲಾರೆ. ಪುರಾತತ್ವ ಇಲಾಖೆ, ವಸ್ತುಸಂಗ್ರಹಾಲಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ, ಅಧ್ಯಾಪನ, ಇತ್ತೀಚೆಗೆ ಭಾಷಾ ತಂತ್ರಾಂಶದ ಕೆಲಸ, ಹೀಗೆ ದಾರಿಗಳುಂಟು. ಆದರೆ ತಾಳ್ಮೆ ಬೇಕು.

ಪದವಿಯ ಕೊನೆಯ ವರ್ಷದಲ್ಲಿರುವವರು ಒಮ್ಮೆ ಅತ್ತ ಹೋಗಿ ವಿಚಾರಿಸಿ ಬನ್ನಿ. ಹೋಗುವ ಮುಂಚೆ ಮನೆಯಲ್ಲಿ ಅಜ್ಜಿಯ ಹತ್ತಿರ ಕೂತು ಅವರಾಡಿದ ಹತ್ತು ಮಾತು ಬರೆದುಕೊಳ್ಳಿ, ಆಡಿದಂತೆಯೇ.