ಔಷಧಿ ಪಂಪಿಗೆ ಶಾಂಪೂ ಹಾಕಬಹುದೇ? ಮೊದಲು 'ಡಿಸ್ಪರ್ಸೆಂಟ್' ಏನು ಮಾಡುತ್ತದೆ ನೋಡೋಣ

ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಕಡೆ ಮೆಣಸಿನ ಗಿಡಕ್ಕೆ ಔಷಧಿ ಸಿಂಪಡಿಸುವುದನ್ನು 'ಎಣ್ಣಿ ಹೊಡೆಯೋದು' ಎನ್ನುತ್ತಾರೆ. ಆ ಹಂಗಾಮು ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆಯೂ ಬರುತ್ತದೆ: ಪಂಪಿಗೆ ಒಂದು ಸ್ಯಾಷೆ ಶಾಂಪೂ ಸುರಿಯಿರಿ, ಔಷಧಿ ಚೆನ್ನಾಗಿ ಬೆರೆತು ಹರಡುತ್ತದೆ. ಇದರಲ್ಲಿ ಅರ್ಧ ನಿಜ. ಉಳಿದರ್ಧ ಬೆಳೆಗೂ ಜೇಬಿಗೂ ಪೆಟ್ಟು ಕೊಡಬಹುದು.

ವಿಷಯ ಅರ್ಥವಾಗಲು ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥಕ್ಕೆ ಹೋಗೋಣ. ಮಳೆಗಾಲದಲ್ಲಿ ಅಲ್ಲಿನ ರಾಡಿ ನೀರನ್ನು ಒಂದು ಕೊಡ ತುಂಬಿಟ್ಟರೆ ಮರಳು ಬೇಗ ತಳ ಸೇರುತ್ತದೆ, ಆದರೆ ನುಣ್ಣನೆಯ ಜೇಡಿಮಣ್ಣು ಮರುದಿನವೂ ತೇಲುತ್ತಿರುತ್ತದೆ. ಕಾರಣ, ಆ ಕಣಗಳು ಎರಡು ಮೈಕ್ರಾನ್‌ಗಿಂತ ಸಣ್ಣವು, ಅವುಗಳ ಮೈಮೇಲೆ ಋಣ ವಿದ್ಯುದಾವೇಶ ಇರುತ್ತದೆ. ಒಂದೇ ಬಗೆಯ ಆವೇಶವಿರುವ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಅದೇ ನೀರಿನಲ್ಲಿ ಪಟಿಕದ ತುಂಡನ್ನು ಆಡಿಸಿ. ಪಟಿಕದ ಅಲ್ಯೂಮಿನಿಯಂ ಆ ಆವೇಶವನ್ನು ತಣಿಸುತ್ತದೆ, ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಕೆಳಗಿಳಿಯುತ್ತವೆ.

ಡಿಸ್ಪರ್ಸೆಂಟ್ ಮಾಡುವುದು ಪಟಿಕದ ಉಲ್ಟಾ ಕೆಲಸ. ಅದು ಕಣಗಳ ಮೈಗೆ ಅಂಟಿಕೊಂಡು ಆವೇಶವನ್ನು ಹೆಚ್ಚಿಸುತ್ತದೆ, ಇಲ್ಲವೇ ಉದ್ದನೆಯ ಅಣುಗಳ ಕುಚ್ಚು ಕಟ್ಟಿ ಕಣಗಳು ಹತ್ತಿರ ಬಾರದಂತೆ ತಡೆಯುತ್ತದೆ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಜೇಡಿ ಎಷ್ಟು, ಮರಳು ಎಷ್ಟು ಎಂದು ಅಳೆಯುವ ಮುನ್ನ ಹೆಂಟೆ ಬಿಡಿಸಲು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕುವುದು ಇದಕ್ಕೇ. ಒಂದು ಮಾತು ಗಮನಿಸಿ: ಇಲ್ಲಿ ಯಾವುದೂ ಕರಗುವುದಿಲ್ಲ, ನಾಶವಾಗುವುದೂ ಇಲ್ಲ. ಬಿಡಿಬಿಡಿಯಾಗಿ ತೇಲುತ್ತದೆ, ಅಷ್ಟೇ.

ಕಾರ್ಖಾನೆಗಳಿಗೆ ಇಷ್ಟೇ ಸಾಕು. ಸಿಮೆಂಟ್ ಕಣಗಳು ನೀರಿಗೆ ಬಿದ್ದೊಡನೆ ಗುಂಪುಗಟ್ಟಿ, ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಂಕ್ರೀಟ್ ಗಟ್ಟಿಯಾಯಿತೆಂದು ಮತ್ತಷ್ಟು ನೀರು ಸುರಿದರೆ ಅದು ಒಣಗಿದ ಮೇಲೆ ದುರ್ಬಲವಾಗುತ್ತದೆ. 'ಸೂಪರ್ ಪ್ಲಾಸ್ಟಿಸೈಸರ್' ಎಂಬ ಡಿಸ್ಪರ್ಸೆಂಟ್ ಆ ಗುಂಪುಗಳನ್ನು ಬಿಡಿಸುವುದರಿಂದ ಶೇ. 20ಕ್ಕಿಂತ ಹೆಚ್ಚು ನೀರು ಉಳಿಸಿಯೂ ಕಾಂಕ್ರೀಟ್ ಸಲೀಸಾಗಿ ಹರಿಯುವಂತೆ ಮಾಡಬಹುದು. ಬಣ್ಣದ ಡಬ್ಬಿಯಲ್ಲಿ ಬಿಳಿ ಪುಡಿ ತಳ ಹಿಡಿಯದಿರುವುದು, ನೀರಿನಲ್ಲಿ ಕರಗದ ಬಣ್ಣ ಪಾಲಿಯೆಸ್ಟರ್ ಸೀರೆಗೆ ಸಮನಾಗಿ ಹತ್ತುವುದು ಕೂಡ ಇದರಿಂದಲೇ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣದ್ದೂ ಇದೇ ಕಥೆ. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಅದರಿಂದ ತೆಗೆದ ಓಲಿಯೊರೆಸಿನ್ ನೀರಿನಲ್ಲಿ ಬೆರೆಯಬೇಕಾದರೆ ಪಾಲಿಸಾರ್ಬೇಟ್‌ನಂಥ ವಸ್ತು ಸೇರಿಸುತ್ತಾರೆ.

2025ರ ಮೇ 25ರಂದು ಕೊಚ್ಚಿ ಬಳಿ 'ಎಂಎಸ್‌ಸಿ ಎಲ್ಸಾ 3' ಹಡಗು ಮುಳುಗಿದಾಗ ಕರಾವಳಿ ಕಾವಲು ಪಡೆ ತೈಲದ ಮೇಲೆ ಸಿಂಪಡಿಸಿದ್ದೂ ಡಿಸ್ಪರ್ಸೆಂಟನ್ನೇ. ಅದರಿಂದ ತೈಲ ಮಾಯವಾಗುತ್ತದೆ ಎಂದು ನಂಬಬೇಡಿ. ಮೇಲಿನ ಪದರ ಒಡೆದು ಸಣ್ಣ ಹನಿಗಳಾಗಿ ನೀರಿನೊಳಗೆ ಸೇರುತ್ತದೆ. ದಡಕ್ಕೂ ಹಕ್ಕಿಗಳಿಗೂ ಅಪಾಯ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸುಲಭ. ಆದರೆ ನೀರೊಳಗಿನ ಮೀನುಮರಿಗಳಿಗೆ ತೈಲ ಹೆಚ್ಚು ತಾಗುತ್ತದೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಬಳಸಿದ್ದರ ಬಗ್ಗೆ ವಾದ ಇನ್ನೂ ನಿಂತಿಲ್ಲ.

ಈಗ ಶಾಂಪೂ ವಿಷಯಕ್ಕೆ ಬರೋಣ. ಮೆಣಸಿಗೆ ಬಳಸುವ ಮ್ಯಾಂಕೊಜೆಬ್ 75 ಡಬ್ಲ್ಯೂಪಿಯಂಥ ಶಿಲೀಂಧ್ರನಾಶಕ, ಹೆಸರಿಗೆ 'ಎಣ್ಣಿ' ಆದರೂ, ನೀರಿನಲ್ಲಿ ಕರಗದ ಪುಡಿ. ಅದು ಪಂಪಿನಲ್ಲಿ ತೇಲುತ್ತಿರಲೆಂದು ತಯಾರಕರೇ ಅದರಲ್ಲಿ ಡಿಸ್ಪರ್ಸೆಂಟ್ ಸೇರಿಸಿರುತ್ತಾರೆ. ಶಾಂಪೂ ಹನಿಯನ್ನು ಎಲೆಯ ಮೇಲೆ ಹರಡುತ್ತದೆ ಎಂಬುದು ನಿಜ. ಪುಡಿಯನ್ನು ತೇಲಿಸುವ ಕೆಲಸ ಬೇರೆ. ಶಾಂಪೂ ಮಂದವಾಗಿರಲೆಂದು ಹಲವು ಕಂಪನಿಗಳು ಅಡುಗೆ ಉಪ್ಪನ್ನೇ ಹಾಕುತ್ತವೆ. ಕೂದಲು ನಯವಾಗಿಸುವ ಕಂಡೀಷನರ್ ಅಂಶಕ್ಕೆ ಧನ ಆವೇಶ. ಎರಡೂ ಪಟಿಕದ ದಾರಿಯವೇ, ತೇಲುವ ಪುಡಿಯನ್ನು ಗಂಟಾಗಿಸಬಲ್ಲವು. ಹಾಗಾದರೆ ನಾಝಲ್ ಕಟ್ಟುತ್ತದೆ, ಒಂದು ಸಾಲಿಗೆ ತೆಳು ಔಷಧಿ, ಇನ್ನೊಂದು ಸಾಲಿಗೆ ಎಲೆ ಸುಡುವಷ್ಟು ಮಂದ. ಜೊತೆಗೆ ನೊರೆ ಎದ್ದು ಪಂಪಿನಿಂದ ಉಕ್ಕಿ ಬೆನ್ನಿಗೆ ಹರಿದರೆ ವಿಷ ಮೈಗೆ ತಾಗಿತೆಂದೇ ಅರ್ಥ.

ಪುಡಿಯನ್ನು ಮೊದಲು ಸಣ್ಣ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕೋಲಿನಿಂದ ಪೇಸ್ಟ್‌ನಂತೆ ಕಲಸಿ, ಆಮೇಲೆ ಅರ್ಧ ನೀರಿರುವ ಪಂಪಿಗೆ ಸುರಿದು ಉಳಿದ ನೀರು ತುಂಬಿ. ಆಗಾಗ ಅಲುಗಾಡಿಸಿ. ಸ್ಪ್ರೆಡರ್ ಬೇಕೆನಿಸಿದರೆ ಪೊಟ್ಟಣದ ಚೀಟಿ ಓದಿ, ಇಲ್ಲವೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಚೀಟಿಯಲ್ಲಿ ಬೆರೆಸಬಹುದು ಎಂದಿದ್ದರೂ, ಕೈಗವಸು ತೊಟ್ಟು ಒಂದು ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಕಲಸಿ ಅರ್ಧ ಗಂಟೆ ಇಡಿ. ತಳಕ್ಕಿಳಿದ ಪುಡಿ ಅಲುಗಾಡಿಸಿದಾಗ ಮತ್ತೆ ಬೆರೆತರೆ ಸರಿ. ಹಾಲು ಒಡೆದಂತೆ ಗಂಟುಗಂಟಾಗಿ ಉಳಿದರೆ ಆ ಮಿಶ್ರಣವನ್ನು ಪಂಪಿಗೆ ಹಾಕಬೇಡಿ. ಆ ಬಾಟಲಿ ಮತ್ತೆ ಅಡುಗೆಮನೆಗೆ ಹೋಗಬಾರದು.